ಕೀಲಿ ಕೊಡುವ ಮುಂಚೆ

ಕಿತ್ತೂರು
6 ಅಕ್ಟೋಬರ್ 2024, ರವಿವಾರ

ಅಬ್ಬಾರಿಗೆ ನಿಲೂಳ ಸಲಾಂ,

ಬುತ್ತಿ ಡಬ್ಬಿ ತಲುಪಿತು. ಹನುಮಪ್ಪ ಕಾಕಾ ಕಂಡಕ್ಟರ್ ಸೀಟಿನ ಕೆಳಗಿಂದ ತೆಗೆದುಕೊಡುವಾಗ "ರೊಟ್ಟಿಕಿಂತ ಇದರಾಗಿನ ಕಾಗದನ ಭಾರ ಅದಾವು ನೋಡವಾ" ಎಂದು ನಕ್ಕರು. ಕೈಯಲ್ಲಿ ಫೋನ್ ಇರುವಾಗ ಡಬ್ಬಿಯಲ್ಲಿ ಪತ್ರ ಯಾಕೆ ಎಂದು ನನ್ನ ರೂಮ್‌ಮೇಟ್ ಅನ್ನಪೂರ್ಣಾ ಕೇಳುತ್ತಾಳೆ. ಫೋನಿನಲ್ಲಿ ನೀವು ಊಟ ಆಯಿತೇ ಎನ್ನುತ್ತೀರಿ, ನಾನು ಆಯಿತು ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಆರನೇ ಇಯತ್ತೆಯಿಂದ ವಸತಿ ಶಾಲೆಯಲ್ಲಿ ಇದ್ದವಳಿಗೆ ರೊಟ್ಟಿಯ ಕೆಳಗೆ ಕಾಗದ ಸಿಗದಿದ್ದರೆ ಡಬ್ಬಿ ಅರ್ಧ ಖಾಲಿ ಅನಿಸುತ್ತದೆ.

ಇಲ್ಲಿ ಒಂದು ಸಂಗತಿ ಆಗಿದೆ. ಅಮ್ಮಿಗೆ ಓದಿ ಹೇಳುವಾಗ ಸ್ವಲ್ಪ ಹಗುರ ಮಾಡಿ ಹೇಳಿರಿ.

ನಮ್ಮ ಕಾಲೇಜಿನಲ್ಲಿ ಸಿಮ್ಯುಲೇಟರ್ ಇದೆ. ಅದು ವಿಮಾನ ಅಲ್ಲ, ಆದರೆ ಅದರಲ್ಲಿ ಕುಳಿತವರಿಗೆ ವಿಮಾನವೇ. ಮೂರು ದೊಡ್ಡ ಪರದೆಗಳು, ಯಾವುದೋ ಹಳೆಯ ಜೀಪಿನ ಸೀಟು, ಎರಡು ಕೈಯಲ್ಲಿ ಹಿಡಿಯುವ ಅರ್ಧ ಸ್ಟೇರಿಂಗ್. ನಾವು ಹಾರಿಸುವುದು ಮುನ್ನೂರು ಟನ್ನಿನ, ನಾಲ್ಕು ಇಂಜಿನ್ನಿನ ಸರಕು ವಿಮಾನ. ಮೊದಲ ವರ್ಷದವರಿಗೆ ಇಲ್ಲಿ ಎರಡೇ ಸೀಟು. ಡಿಸೆಂಬರ್ ಎರಡನೇ ವಾರ ಪರೀಕ್ಷೆ. ಸೀಟು ಸಿಕ್ಕವರು ವರ್ಷವಿಡೀ ವಾರಕ್ಕೆ ಮೂರು ದಿನ ಹಾರಿಸಬಹುದು. ಸಿಗದವರು ಮೂರನೇ ವರ್ಷದವರೆಗೆ ಗಾಜಿನ ಆಚೆ ನಿಂತು ನೋಡಬೇಕು. ಅಬ್ಬಾ, ನನಗೆ ಆ ಸೀಟು ಬೇಕು. ಇಷ್ಟು ಬೇಕು ಅಂತ ಯಾರ ಮುಂದೆಯೂ ಹೇಳಿಲ್ಲ.

ನಿನ್ನೆ ಮೊದಲ ಸಲ ಕೂತೆ. ಅದರಲ್ಲಿ ಆಟೋಪೈಲಟ್ ಎಂಬ ಗುಂಡಿ ಇದೆ. ಎತ್ತರ, ದಿಕ್ಕು, ವೇಗ ಹೇಳಿ ಒತ್ತಿದರೆ ಅದೇ ಓಡಿಸುತ್ತದೆ. ಮೂವತ್ತು ನಿಮಿಷ ವಿಮಾನ ಅಲುಗಾಡಲಿಲ್ಲ. ನಾನು ಕೈ ಕಟ್ಟಿ ಕೂತಿದ್ದೆ, ಬಹಳ ಜಾಣೆ ಅನಿಸಿತ್ತು. ಇಳಿಸುವ ಹೊತ್ತಿಗೆ ಗುಂಡಿ ಬಂದ್ ಮಾಡಿದೆ. ಒಂದೇ ಕ್ಷಣ. ವಿಮಾನ ಎಡಕ್ಕೆ ಒರಗಿತು, ನಾನು ಗಾಬರಿಯಲ್ಲಿ ಏನೇನೋ ತಿರುಗಿಸಿದೆ, ಪರದೆ ಕಪ್ಪಾಯಿತು. ಬೈಲಹೊಂಗಲದ ಶ್ರೀಶೈಲ ಅಂತ ಒಬ್ಬ ಇದ್ದಾನೆ, ನನ್ನದೇ ವರ್ಗ. ಎಲ್ಲರ ಮುಂದೆ "ಕಬ್ಬಿನ ಟ್ರ್ಯಾಲಿ ಪಲ್ಟಿ ಆತ್ರೆಪ್ಪೋ" ಎಂದ. ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಅಲ್ಲಿಯವರೆಗೆ ನೆಟ್ಟಗೆ ಹೊರಟಿದ್ದದ್ದು ಗುಂಡಿ ಬಂದ್ ಮಾಡಿದ ಕೂಡಲೇ ಯಾಕೆ ಬಿತ್ತು? ಇದೊಂದೇ ತಲೆಯಲ್ಲಿ ತಿರುಗುತ್ತಿದೆ.

ನಿಮ್ಮ,
ನಿಲೂ


ಸವದತ್ತಿ
10 ಅಕ್ಟೋಬರ್ 2024

ಮಗಳು ನಿಲೋಫರಳಿಗೆ ಅಬ್ಬಾನ ದುವಾ.

ಅಮ್ಮಿಗೆ ಹಗುರ ಮಾಡಿಯೇ ಓದಿದೆ. ಆದರೂ ವಿಮಾನ ಬಿದ್ದದ್ದು ಬಿತ್ತಲ್ಲ. ಅವಳು ಹಿಟ್ಟು ನಾದುವ ಕೈ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದಳು: "ಅದ ತಾನ ಓಡಸತೈತಿ ಅಂದ್ರ ಈಕಿ ಅಲ್ಲಿ ಯಾಕ ಕುಂತಿದ್ಲು?" ಇದಕ್ಕೆ ಉತ್ತರ ನೀನೇ ಬರಿ.

ನನಗೂ ಕೇಳುವುದು ಬಹಳ ಇದೆ. ಆ ಗುಂಡಿಯವನಿಗೆ, ಅವನು ಅಂತಲೇ ಅನ್ನುತ್ತೇನೆ, ಗಾಡಿ ಒರಗುತ್ತಿದೆ ಎಂದು ತಿಳಿಯುತ್ತದೆಯೋ? ತಿಳಿದರೆ ಹೇಳುತ್ತಾನೋ? ಮುನ್ನೂರು ಟನ್ನಿನ ಗಾಡಿಯಲ್ಲಿ ಭಾರ ಎಲ್ಲಿ ಕೂತಿರುತ್ತದೆ? ನಮ್ಮ ಬಸ್ಸಿನಲ್ಲಿ ಎಲ್ಲರೂ ನೆರಳಿನ ಬದಿಗೇ ಕೂತರೆ ಸ್ಟೇರಿಂಗ್‌ಗೆ ಗೊತ್ತಾಗುತ್ತದೆ. ಬಿದ್ದದ್ದಕ್ಕೆ ನಾಚಬೇಡ. ಯಾವ ಬದಿಗೆ ಬಿತ್ತು ಅಂತ ನೋಡಿದ್ದೀಯಲ್ಲ, ಅದು ಸಾಕು. ಅರ್ಧ ಜನ ಅದನ್ನೂ ನೋಡುವುದಿಲ್ಲ.

ಪುಂಡಿಪಲ್ಯ ಮೊದಲು ತಿನ್ನು, ಚಟ್ನಿ ಕೆಡುವುದಿಲ್ಲ.

ಅಬ್ಬಾ


ಕಿತ್ತೂರು
27 ಅಕ್ಟೋಬರ್ 2024

ಅಬ್ಬಾ, ಸಲಾಂ.

ಮೊದಲು ಅಮ್ಮಿಗೆ ಉತ್ತರ. ಆಟೋಪೈಲಟ್ ಹೇಳಿದ್ದನ್ನು ಮಾಡುತ್ತದೆ, ಹೇಳಿದ್ದು ಸರಿಯೋ ಎಂದು ಕೇಳುವುದಿಲ್ಲ. ಕೇಳುವವರು ಬೇಕಲ್ಲ, ಅದಕ್ಕೆ ನಾನು.

ಮೊನ್ನೆ ಹೀಗಾಯಿತು. ಹತ್ತು ಸಾವಿರ ಅಡಿಯಲ್ಲಿದ್ದೆ, ಎಂಟು ಸಾವಿರಕ್ಕೆ ಇಳಿಯಬೇಕಿತ್ತು. ಎಂಟು ಸಾವಿರ ಎಂದು ತುಂಬಿದೆ. ಆದರೆ ಮೇಲಕ್ಕೆ ಹತ್ತುವ ವೇಗ ಹಿಂದೆ ತುಂಬಿದ್ದು ಹಾಗೇ ಉಳಿದಿತ್ತು. ವಿಮಾನ ಹತ್ತುತ್ತಲೇ ಹೋಯಿತು. ಹನ್ನೊಂದು, ಹನ್ನೆರಡು. ಮುಟ್ಟಬೇಕಾದ ಎತ್ತರ ಕೆಳಗೆ ದೂರವಾಗುತ್ತಿದ್ದರೂ ಅದಕ್ಕೆ ಚಿಂತೆಯಿಲ್ಲ. ನಮ್ಮ ಲ್ಯಾಬಿನ ಮೀನಾ ಮೇಡಂ ಹಿಂದೆಯೇ ನಿಂತಿದ್ದರು, ಹದಿಮೂರು ಸಾವಿರದವರೆಗೆ ಹತ್ತಲು ಬಿಟ್ಟರು. ಆಮೇಲೆ "ಸವದತ್ತಿಗೆ ಹೋಗು ಅಂತ ಹೇಳಿ ಮುಖ ಬೆಳಗಾವಿ ಕಡೆ ತಿರುಗಿಸಿದಿ, ಪಾಪ ಅದು ಏನ ಮಾಡಬೇಕು?" ಎಂದರು.

ಇನ್ನೊಂದು ವಿಚಿತ್ರ ಇದೆ. ದೂರದ ಹಾದಿ ಬೇಗ ಮುಗಿಯಲಿ ಎಂದು ಸಿಮ್ಯುಲೇಟರಿನಲ್ಲಿ ಹೊತ್ತನ್ನೇ ನಾಲ್ಕು ಪಟ್ಟು ಓಡಿಸಬಹುದು. ಹಾಗೆ ಮಾಡಿದರೆ ಆಟೋಪೈಲಟ್ ತೂಗಾಡುತ್ತದೆ. ಸ್ವಲ್ಪ ಬಲಕ್ಕೆ ಸರಿದರೆ ತಿದ್ದುತ್ತದೆ, ಆದರೆ ತಿದ್ದಿದ್ದು ಹೆಚ್ಚಾಗುತ್ತದೆ. ಅದನ್ನು ತಿದ್ದಲು ಹೋಗಿ ಇನ್ನೂ ಹೆಚ್ಚು. ನೋಡುತ್ತ ಕೂತರೆ ನನ್ನನ್ನೇ ನೋಡಿದಂತಾಗುತ್ತದೆ, ಪರೀಕ್ಷೆಯ ಹಿಂದಿನ ದಿನದ ನನ್ನನ್ನು. ನಾನು ಈಗ ಒಂದು ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆದಿಡುತ್ತಿದ್ದೇನೆ.

ಆದರೆ ಎಡಕ್ಕೆ ಬಿದ್ದದ್ದು ಯಾಕೆ ಎನ್ನುವುದು ಇನ್ನೂ ಸಿಕ್ಕಿಲ್ಲ.

ಒಂದು ಮಾತು. ನಿಮ್ಮ ಅಕ್ಷರ ಈಗ ಎಷ್ಟು ದುಂಡಗಾಗಿದೆ. ಶಾಲೆಗೆ ಬರೆಯುತ್ತಿದ್ದಾಗ ಸುರೇಬಾನದ ಸ್ಟಾಪಿನಲ್ಲಿ ಸ್ಟೇರಿಂಗ್ ಮೇಲೆ ಕಾಗದ ಇಟ್ಟು, ಇಂಜಿನ್ ಬಂದ್ ಮಾಡದೆ ಬರೆಯುತ್ತಿದ್ದಿರಿ. ಅಕ್ಷರಗಳಿಗೆ ಚಳಿ ಬಂದ ಹಾಗೆ ಇರುತ್ತಿತ್ತು. ಈಗ ಗೆರೆ ಎಳೆದು ಬರೆದಂತಿದೆ. ಹೊಸ ಗಾಡಿ ಕೊಟ್ಟರೇನು?

ನಿಲೂ


ಸವದತ್ತಿ
3 ನವೆಂಬರ್ 2024

ಮಗಳಿಗೆ ದುವಾ.

ಗಾಡಿ ಹಳೆಯದೇ. ವಯಸ್ಸಾದ ಮೇಲೆ ಅಕ್ಷರ ಸುಧಾರಿಸಿದೆ ಎಂದುಕೋ. ರಾಮದುರ್ಗದ ಹಾದಿಯಲ್ಲಿ ಸುರೇಬಾನದ ಹತ್ತಿರ ಸಣ್ಣ ಸೇತುವೆ ಕಟ್ಟುತ್ತಿದ್ದಾರೆ. ಹೊಲದಲ್ಲಿ ಮಣ್ಣು ಹಾಸಿ ತಿರುವು ಕೊಟ್ಟಿದ್ದಾರೆ. ದಿನಾ ಧೂಳು ಕುಡಿಯುತ್ತೇವೆ.

ನೀನು ಬಿದ್ದದ್ದರ ಬಗ್ಗೆ ಗೇಟಿನ ಹತ್ತಿರ ಕೂತು ಯೋಚಿಸುತ್ತಿದ್ದೆ. ಒಂದು ಹಳೆಯ ಸಂಗತಿ ನೆನಪಾಯಿತು. ನಿನಗೆ ಹೇಳಿರಲಿಕ್ಕಿಲ್ಲ.

ನಾನು ಸೇವೆಗೆ ಸೇರಿದ ಮೊದಲ ವರ್ಷ. ರಾಮದುರ್ಗದಿಂದ ಅಮೋಘಸಿದ್ದಪ್ಪ ಎಂಬ ಹಿರಿಯ ಡ್ರೈವರ್ ಬಸ್ಸು ತಂದ. ಸವದತ್ತಿ ಸ್ಟ್ಯಾಂಡಿನಲ್ಲಿ ನಾನು ಏರಬೇಕು, ಬೈಲಹೊಂಗಲಕ್ಕೆ ಒಯ್ಯಬೇಕು. ನಮ್ಮಲ್ಲಿ ಒಂದು ರೀತಿ ಇದೆ. ಏರುವವನು ಕೀಲಿ ಇಸಿದುಕೊಳ್ಳುವ ಮುಂಚೆ "ಏನ ಐತಿ?" ಎಂದು ಕೇಳುತ್ತಾನೆ. ಇಳಿಯುವವನು ಹೇಳುತ್ತಾನೆ: ಎರಡನೇ ಗೇರು ಬಿಗಿ, ಬ್ರೇಕು ಎರಡು ಸಲ ಒತ್ತು, ಬಲಗಡೆ ಕನ್ನಡಿ ಸಡಿಲ. ಕಾಗದದಲ್ಲಿ ಬರೆಯುವುದು ಬೇರೆ ಇದೆ, ಅದು ವರ್ಕ್‌ಶಾಪಿಗೆ. ಇದು ಡ್ರೈವರ್ ಡ್ರೈವರಿಗೆ ಹೇಳುವುದು. ಅವತ್ತು ಕೇಳಿದೆ. ಅವನು "ಏನಿಲ್ಲ, ಒಯ್ಯಿ" ಎಂದ.

ಸ್ಟೇರಿಂಗ್ ಬಿಗಿ ಅನಿಸಿತ್ತು, ಹಳೆಯ ಗಾಡಿ ಎಂದುಕೊಂಡೆ. ಚಚಡಿ ತಿರುವಿನಲ್ಲಿ ಬೀಡಿ ಹಚ್ಚಲು ಒಂದು ಕೈ ಬಿಟ್ಟೆ, ನಿನ್ನ ಅಮ್ಮಿಗೆ ಇದನ್ನು ಓದಿ ಹೇಳುವುದಿಲ್ಲ. ಬಸ್ಸು ಎಡಕ್ಕೆ ಹೋಯಿತು. ಸುಮ್ಮನೆ ಹೋಯಿತು, ಜೋಳದ ಹೊಲದೊಳಗೆ. ಯಾರಿಗೂ ಪೆಟ್ಟಾಗಲಿಲ್ಲ. ಮುಂದಿನ ಸೀಟಿನಲ್ಲಿ ಮುದಕವ್ವ ಎಂಬ ಅಜ್ಜಿ ಕೂತಿದ್ದಳು. ಗಂಟು ಎತ್ತಿಕೊಂಡು ಇಳಿಯುತ್ತ "ತಮ್ಮಾ, ನಾ ಕೇಳಿದ್ದು ಸ್ಟಾಪಿನ್ಯಾಗ ನಿಲ್ಲಸಂತ, ಹೊಲದಾಗಲ್ಲ" ಎಂದಳು.

ಆದದ್ದು ಇಷ್ಟು. ಬೆಳಿಗ್ಗೆ ಅಮೋಘಸಿದ್ದಪ್ಪ ಒಂದು ಕಲ್ಲಿಗೆ ಚಕ್ರ ಬಡಿಸಿದ್ದ, ಏನೋ ಬಾಗಿತ್ತು. ರಾಮದುರ್ಗದಿಂದ ಸವದತ್ತಿಯವರೆಗೆ ಸ್ಟೇರಿಂಗನ್ನು ಬಲಕ್ಕೆ ಹಿಡಿದೇ ತಂದಿದ್ದ. ಬಸ್ಸು ನೆಟ್ಟಗೆ ಬಂದಿತ್ತು, ಕೂತವರಿಗೆ ಗೊತ್ತೇ ಆಗಿರಲಿಲ್ಲ. ನಾನು ಸಿಟ್ಟಿಗೆದ್ದು ಕೇಳಿದಾಗ ಅವನು ನೆಲ ನೋಡಿದ. "ಹೇಳಾಕ ನಾಚಿಕಿ ಬಂತೋ ಅಕ್ಬರಾ" ಎಂದ.

ನಿನ್ನ ಗುಂಡಿಯವನೂ ಏನನ್ನೋ ಹಿಡಿದುಕೊಂಡಿದ್ದನೇನೋ ನೋಡು.

ಅಬ್ಬಾ


ಕಿತ್ತೂರು
24 ನವೆಂಬರ್ 2024

ಅಬ್ಬಾ, ಸಿಕ್ಕಿತು!

ಹಿಡಿದುಕೊಂಡೇ ಇತ್ತು. ವಿಮಾನದ ಎರಡೂ ರೆಕ್ಕೆಯಲ್ಲಿ ಎಣ್ಣೆ ಇರುತ್ತದೆ. ಅವತ್ತು ನಾನು ಎರಡನ್ನೂ ಕೂಡಿಸುವ ಒಂದು ವಾಲ್ವ್ ತೆರೆದು, ಮತ್ತೆ ಮುಚ್ಚುವುದನ್ನು ಮರೆತಿದ್ದೆ. ನಾಲ್ಕೂ ಇಂಜಿನ್ ಬಲಗಡೆಯ ಎಣ್ಣೆಯನ್ನೇ ಕುಡಿದವು. ಎಡ ರೆಕ್ಕೆ ಭಾರ ಉಳಿಯಿತು. ಆಟೋಪೈಲಟ್ ಸದ್ದಿಲ್ಲದೆ ಬಲಕ್ಕೆ ಹಿಡಿಯುತ್ತ ಬಂತು, ಪ್ರತಿ ನಿಮಿಷ ಇನ್ನೊಂದಿಷ್ಟು. ಪರದೆಯಲ್ಲಿ ಚಿತ್ರದ ಸ್ಟೇರಿಂಗ್ ಒಂದಿದೆ, ಅದು ಬಲಕ್ಕೆ ತಿರುಗಿಯೇ ಇತ್ತು. ನಾನು ನೋಡಿರಲಿಲ್ಲ. ನನ್ನ ಕೈಯಲ್ಲಿನ ನಿಜವಾದ ಸ್ಟೇರಿಂಗ್ ಮಾತ್ರ ನೆಟ್ಟಗಿತ್ತು, ಯಾಕೆಂದರೆ ಸಿಮ್ಯುಲೇಟರಿನಲ್ಲಿ ಒಂದು ತಿರುಗಿದರೆ ಇನ್ನೊಂದು ತಿರುಗುವುದಿಲ್ಲ. ಗುಂಡಿ ಬಂದ್ ಮಾಡಿದ ಕ್ಷಣ ವಿಮಾನ ನನ್ನ ಕೈಯನ್ನು ನಂಬಿತು. ನನ್ನ ಕೈಗೆ ಏನೂ ಗೊತ್ತಿರಲಿಲ್ಲ.

ಈಗ ಬೇಕೆಂದೇ ಎಣ್ಣೆ ಏರುಪೇರು ಮಾಡಿಕೊಂಡು ಹತ್ತು ಸಲ ಪ್ರಯತ್ನಿಸಿದೆ. ಮೊದಲು ಪರದೆಯ ಸ್ಟೇರಿಂಗ್ ನೋಡಬೇಕು. ನನ್ನದನ್ನೂ ಅಷ್ಟೇ ಮೆಲ್ಲಗೆ ತಿರುಗಿಸಿ ಹಿಡಿಯಬೇಕು. ಆಮೇಲೆ ಗುಂಡಿ. ಆರು ಸಲ ಬೀಳಲಿಲ್ಲ. ನಾಲ್ಕು ಸಲ ಬಿತ್ತು, ಅದನ್ನು ಬಿಡಿ.

ಪರೀಕ್ಷೆಗೆ ನಾಲ್ವರು ಉಳಿದಿದ್ದೇವೆ. ಎರಡು ಜೋಡಿ, ಜೋಡಿಗೆ ಒಂದೇ ಸೀಟು. ಅರ್ಧ ಹಾದಿ ಒಬ್ಬರು, ಇನ್ನರ್ಧ ಮತ್ತು ಇಳಿಸುವುದು ಇನ್ನೊಬ್ಬರು. ಮೇಡಂ ಒಂದು ದೋಷ ಗುಟ್ಟಾಗಿ ಇಟ್ಟಿರುತ್ತಾರಂತೆ. ನನ್ನ ಜೋಡಿ ಶ್ರೀಶೈಲ. ಅವನು ಇಳಿಸಿದರೆ ಬೆಣ್ಣೆ ಸವರಿದ ಹಾಗೆ. ಎರಡು ದಿನದಿಂದ ರೊಟ್ಟಿ ಇಳಿಯುತ್ತಿಲ್ಲ.

ಇನ್ನೊಂದು. ಶುಕ್ರವಾರ ಹನುಮಪ್ಪ ಕಾಕಾನಿಗೆ ಸುರೇಬಾನದ ಧೂಳಿನ ಬಗ್ಗೆ ಕೇಳಿದೆ. "ಯಾವ ಧೂಳವಾ? ಆ ಸೇತುವಿ ದಸರಾಕ್ಕಿಂತ ಮೊದಲ ಮುಗದೈತಿ" ಎಂದರು. ಎಂದವರು ಕೂಡಲೇ ಟಿಕೆಟ್ ಮಷೀನ್ ಒತ್ತುತ್ತ ಒಳಗೆ ಹೋದರು. ಬಸ್ಸಿನಲ್ಲಿ ಯಾರೂ ಇರಲಿಲ್ಲ.

ಎರಡು ಮೀಟರ್ ಬೇರೆ ಬೇರೆ ತೋರಿಸಿದರೆ ಮೂರನೆಯದನ್ನು ನೋಡು ಎಂದು ನಮಗೆ ಕಲಿಸಿದ್ದಾರೆ. ಅಬ್ಬಾ, ಆ ತಿರುವು ಇನ್ನೂ ಇದೆಯೇ?

ನಿಲೂ


ಸವದತ್ತಿ
28 ನವೆಂಬರ್ 2024

ಮಗಳಿಗೆ ದುವಾ.

ಪರೀಕ್ಷೆ ಹತ್ತಿರ ಇದೆ. ಹಾದಿಯ ಸುದ್ದಿ ನಿನಗೆ ಯಾಕೆ. ಅಮ್ಮಿ ಮಾದಲಿ ಕಟ್ಟಿದ್ದಾಳೆ, ಹಾಲು ಹಾಕಿಕೊಂಡು ತಿನ್ನು, ಅದು ಇಳಿಯುತ್ತದೆ.

ಅಬ್ಬಾ


ಕಿತ್ತೂರು
15 ಡಿಸೆಂಬರ್ 2024, ರವಿವಾರ

ಅಬ್ಬಾರಿಗೆ, ಅಮ್ಮಿಗೆ ಸಲಾಂ,

ಸೀಟು ಸಿಗಲಿಲ್ಲ. ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀವು ಪತ್ರದ ಕೊನೆ ಮೊದಲು ನೋಡುತ್ತೀರಿ.

ನಿನ್ನೆ ಪರೀಕ್ಷೆ ಇತ್ತು. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೈದರಾಬಾದಿಗೆ. ಚೀಟಿಯಲ್ಲಿ ಮೊದಲರ್ಧ ನನಗೆ ಬಂತು. ಏರಿದೆ, ಆಟೋಪೈಲಟ್ ಹಾಕಿದೆ, ಎತ್ತರ ತುಂಬಿದೆ, ಹತ್ತುವ ವೇಗ ಎರಡು ಸಲ ನೋಡಿದೆ. ಹಾದಿಯಲ್ಲಿ ನವಿಲುತೀರ್ಥ ಡ್ಯಾಮಿನ ನೀರು ಕಂಡಿತು, ನೀಲಿಯ ಒಂದು ತುಂಡು. ಪಕ್ಕದಲ್ಲಿ ನಮ್ಮ ಮನೆ ಇರಬೇಕಿತ್ತು. ಅಲ್ಲಿ ಬರೀ ಹಸಿರು ಬಳಿದಿದ್ದಾರೆ.

ಹದಿನೈದು ನಿಮಿಷವಾದಾಗ ಪರದೆಯ ಸ್ಟೇರಿಂಗ್ ನೋಡಿದೆ. ನೆಟ್ಟಗಿರಲಿಲ್ಲ, ಬಲಕ್ಕೆ ಒಂದು ಬೆರಳಷ್ಟು. ಐದು ನಿಮಿಷ ಬಿಟ್ಟು ನೋಡಿದೆ, ಎರಡು ಬೆರಳು. ಮೇಡಂ ಇಟ್ಟ ದೋಷ ಅದೇ. ಎಡಗಡೆ ಭಾರ. ವಾಲ್ವ್ ಮುಟ್ಟಿದರೆ ಅದು ಕೆಲಸ ಮಾಡದ ಹಾಗೆ ಕಟ್ಟಿಹಾಕಿದ್ದರು.

ಆಗ ನನ್ನ ಅರ್ಧ ಮುಗಿಯಿತು. ನಾನು ಸೀಟು ಬಿಟ್ಟು ಏಳಬೇಕು, ಶ್ರೀಶೈಲ ಕೂರಬೇಕು. ವಿಮಾನ ಒಂದಿಷ್ಟೂ ಅಲುಗದೆ ಹೊರಟಿತ್ತು. ಅವನು ಬಂದು ಎತ್ತರ ನೋಡಿದ, ವೇಗ ನೋಡಿದ, ಸರಿ ಎಂದು ತಲೆಯಾಡಿಸಿದ. ಮಾತಾಡಬೇಕು ಎಂಬ ನಿಯಮ ಎಲ್ಲೂ ಇಲ್ಲ. ನಾನು ಸುಮ್ಮನೆ ಎದ್ದು ಹೋಗಿದ್ದರೆ ಸಾಕಿತ್ತು. ಅವನು ಗುಂಡಿ ಬಂದ್ ಮಾಡುತ್ತಿದ್ದ, ಅದು ಎಡಕ್ಕೆ ಬೀಳುತ್ತಿತ್ತು, ಸೀಟು ನನ್ನದಾಗುತ್ತಿತ್ತು. ಕಬ್ಬಿನ ಟ್ರ್ಯಾಲಿ ಎಂದದ್ದೂ ನೆನಪಿತ್ತು. ಇದನ್ನೆಲ್ಲ ಯೋಚಿಸಿದೆ ಅಬ್ಬಾ, ಯೋಚಿಸಲಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಬೆಲ್ಟ್ ಬಿಚ್ಚಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಯೋಚಿಸಿದೆ.

"ಎಡಕ್ಕ ಎಳಿತೈತಿ" ಎಂದೆ.

ಅವನು ನನ್ನ ಮುಖ ನೋಡಿದ. "ಹೆದರಸಾಕತ್ತಿಯೇನ?" ಎಂದ.

"ಪರದೇದಾಗಿನ ಸ್ಟೇರಿಂಗ್ ನೋಡು. ಅಷ್ಟ ಬಲಕ್ಕ ಹಿಡದು ಆಮ್ಯಾಲೆ ಬಂದ್ ಮಾಡು."

ಅವನು ನೋಡಿದ. ಇಳಿಯುವಾಗ ನಾನು ಹೇಳಿದಂತೆ ಹಿಡಿದ, ಬಂದ್ ಮಾಡಿದ. ವಿಮಾನಕ್ಕೆ ಗೊತ್ತೇ ಆಗಲಿಲ್ಲ. ಬಹಳ ಚೆಂದ ಇಳಿಸಿದ. ಇಳಿಸುವುದಕ್ಕೆ ಅಂಕ ಹೆಚ್ಚು, ಹಾಗಾಗಿ ಸೀಟು ಅವನಿಗೆ. ಮೇಡಂ ನನ್ನನ್ನು ಹೊರಗೆ ಕರೆದು, ಯಾಕೆ ಹೇಳಿದೆ, ಹೇಳಬೇಕಾಗಿರಲಿಲ್ಲವಲ್ಲ ಎಂದು ಕೇಳಿದರು. ನಮ್ಮ ಮನೆಯಲ್ಲಿ ಕೀಲಿ ಹಾಗೇ ಕೊಡುವುದಿಲ್ಲ ಮೇಡಂ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ತಲೆ ಸವರಿ ಒಳಗೆ ಹೋದರು, ಅಂಕ ಬದಲಾಗಲಿಲ್ಲ.

ಅತ್ತುಬಿಟ್ಟೆ, ಆದರೆ ನಲ್ಲಿ ಬಿಡದೆ ಅತ್ತೆ. ಅನ್ನಪೂರ್ಣಾ ಪಕ್ಕದಲ್ಲಿ ಕೂತು ನನ್ನ ಮಾದಲಿ ತಿಂದು ಮುಗಿಸಿದಳು.

ಇವತ್ತು ಬೆಳಿಗ್ಗೆ ನನ್ನ ನೋಟ್‌ಬುಕ್ಕಿಗೆ ದಾರ ಕಟ್ಟಿ ಸಿಮ್ಯುಲೇಟರಿನ ಸೀಟಿಗೆ ತೂಗುಹಾಕಿ ಬಂದೆ. ಆ ವಿಮಾನದ ಎಲ್ಲ ಸ್ವಭಾವ ಅದರಲ್ಲಿದೆ. ಮೂರನೇ ವರ್ಷದವರೆಗೆ ನನಗೆ ಬೇಡ, ಕೂರುವವರಿಗಾದರೂ ಇರಲಿ. ಮಧ್ಯಾಹ್ನ ಗಾಜಿನ ಆಚೆಯಿಂದ ನೋಡಿದೆ. ಶ್ರೀಶೈಲ ಅದರಲ್ಲಿ ಏನೋ ಬರೆಯುತ್ತಿದ್ದ.

ಈಗ ನನ್ನ ಸರದಿ ಕೇಳುವುದು. ನಿಮ್ಮ ಅಕ್ಷರ ಅಲುಗುವುದಿಲ್ಲ. ಮುಗಿದ ಸೇತುವೆಯ ಧೂಳು ನೀವು ಕುಡಿಯುತ್ತೀರಿ. ನವೆಂಬರಿನ ಪತ್ರದಲ್ಲಿ ಗೇಟಿನ ಹತ್ತಿರ ಕೂತಿದ್ದೆ ಎಂದು ಬರೆದಿದ್ದೀರಿ. ಬಸ್ಸಿಗೆ ಗೇಟಿಲ್ಲ. ಎಲ್ಲ ನೆಟ್ಟಗೆ ಹೊರಟಿದೆ ಎಂದು ಇಷ್ಟು ದಿನ ನಾನು ಕೈ ಕಟ್ಟಿ ಕೂತಿದ್ದೆ.

ಅಬ್ಬಾ, ಏನ ಐತಿ?

ನಿಲೂ


ಸವದತ್ತಿ
19 ಡಿಸೆಂಬರ್ 2024

ನಿಲೂ,

ನಿನ್ನ ಪತ್ರ ಅಮ್ಮಿಗೆ ಹಗುರ ಮಾಡದೆ ಓದಿದೆ. ಅವಳು ಪೂರ್ತಿ ಕೇಳಿ, "ಮಗಳು ಹೇಳಿದ್ಲು. ಇನ್ನ ನೀವು ಹೇಳ್ರಿ" ಎಂದಳು. ಹೇಳುತ್ತೇನೆ.

ಬಲ ಭುಜ. ಜುಲೈನಿಂದ ಬಿಗಿ, ಆಗಸ್ಟಿನಲ್ಲಿ ಕೈ ಕಿವಿಯ ಮಟ್ಟಕ್ಕೂ ಏಳಲಿಲ್ಲ. ತಿರುವಿನಲ್ಲಿ ಎಡಗೈಯಲ್ಲೇ ಎಳೆದು ಓಡಿಸಿದೆ. ಕೂತವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಆಗಸ್ಟ್ ಮೂವತ್ತೊಂದು ಸ್ಟೇರಿಂಗ್ ಹಿಡಿದ ಕಡೆಯ ದಿನ. ನಾನೇ ಹೋಗಿ ಡಿಪೋದಲ್ಲಿ ಹೇಳಿದೆ, ಜನ ಕೂತಿರುತ್ತಾರಲ್ಲ. ಅವರಿಗೆ ಹೇಳಿದೆ, ನಿನಗೆ ಹೇಳಲಿಲ್ಲ.

ಈಗ ಡಿಪೋ ಗೇಟಿನಲ್ಲಿ ಡ್ಯೂಟಿ. ಬಂದ ಗಾಡಿಯ ನಂಬರು, ಹೊತ್ತು ಬರೆಯುವುದು. ಮೇಜು ಇದೆ, ಅದು ಅಲುಗುವುದಿಲ್ಲ. ಹನುಮಪ್ಪನಿಗೆ ಬಾಯಿ ಬಿಡಬೇಡ ಎಂದು ನಾನೇ ಹೇಳಿದ್ದೆ, ಅವನನ್ನು ಬೈಯಬೇಡ. ಇಷ್ಟು ದಿನ ನಿನಗೆ ಬರೆದ ಹಾದಿ ಆಗಸ್ಟ್ ತಿಂಗಳ ಹಾದಿ. ಅಮೋಘಸಿದ್ದಪ್ಪನಿಗೆ ಬಂದ ನಾಚಿಕೆಯೇ ನನಗೂ ಬಂತು. ನಿನಗೆ ಗೊತ್ತಾದರೆ ಪುಸ್ತಕ ಬಿಟ್ಟು ಬಂದುಬಿಡುತ್ತೀಯೆಂದು ಹೆದರಿಕೆಯೂ ಇತ್ತು.

ಡಾಕ್ಟರು ಗೋಡೆಯ ಮೇಲೆ ಬೆರಳು ಹತ್ತಿಸುವ ಕಸರತ್ತು ಹೇಳಿದ್ದಾರೆ. ಅಮ್ಮಿ ಅಡುಗೆಮನೆಯ ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ. ದಸರೆಯ ಗೆರೆಗಿಂತ ಇವತ್ತಿನದು ಒಂದು ಗೇಣು ಮೇಲಿದೆ. ಫೆಬ್ರುವರಿಯಲ್ಲಿ ಮತ್ತೆ ತಪಾಸಣೆ. ಕೈ ಪೂರ್ತಿ ಎದ್ದರೆ ಸ್ಟೇರಿಂಗ್, ಇಲ್ಲದಿದ್ದರೆ ಗೇಟು. ಯಾವುದು ಎಂದು ನನಗೂ ಗೊತ್ತಿಲ್ಲ. ಇಷ್ಟೇ ಇರುವುದು, ಬೇರೆ ಏನೂ ಮುಚ್ಚಿಟ್ಟಿಲ್ಲ.

ಶ್ರೀಶೈಲ ನೋಟ್‌ಬುಕ್ಕಿನಲ್ಲಿ ಏನು ಬರೆದ? ನಾಲ್ಕು ದಿನದಿಂದ ಅದೇ ಯೋಚನೆ. ನೋಡಿಕೊಂಡು ಬಾ.

ಶನಿವಾರ ರಜೆಗೆ ಬರುತ್ತೀಯಲ್ಲ, ಹನುಮಪ್ಪನ ಗಾಡಿಯಲ್ಲೇ ಬಾ, ಮುಂದಿನ ಸೀಟು ಹಿಡಿದಿರುತ್ತಾನೆ. ಖಾಲಿ ಡಬ್ಬಿ ಮರೆಯಬೇಡ. ನಾನು ಸ್ಟ್ಯಾಂಡಿಗೆ ಬರುತ್ತೇನೆ. ನಿನ್ನ ಚೀಲ ಎಡಗೈಯಿಂದ ಇಸಿದುಕೊಳ್ಳುತ್ತೇನೆ. ಬಹಳ ಭಾರ ಇದ್ದರೆ ಕೊಡುವ ಮುಂಚೆ ಹೇಳು.

ಅಬ್ಬಾ